ಇರುವೆಬಾಕಗಳ ಆರೈಕೆ: ಬೋಗುಣಿಯಿಂದಲೇ ಶುರುವಾಗುವ ಕಾಯಿಲೆಗಳು

ದೈತ್ಯ ಇರುವೆಬಾಕದ ಆವರಣಕ್ಕೆ ಹೋದರೆ ನಾನು ಮೊದಲು ಹುಡುಕುವುದು ಅದರ ಮಲವನ್ನು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೂಗು ಮುರಿಯುತ್ತಾರೆ. ಏನು ಮಾಡುವುದು, ಅಷ್ಟುದ್ದದ ಮೂತಿಯಲ್ಲಿ ನೋವೂ ಕಾಣದು, ಸುಸ್ತೂ ಕಾಣದು. ಹಲ್ಲಿಲ್ಲ, ಬಾಯಿಯೆಂಬುದು ತುದಿಯಲ್ಲೊಂದು ಸಣ್ಣ ಕಿಂಡಿ. ಒಳಗೆ ಇಣುಕಿ ನೋಡಲು ವೈದ್ಯರಿಂದಲೂ ಆಗುವುದಿಲ್ಲ.

ಸಾಕಿದ ಇರುವೆಬಾಕಗಳಲ್ಲಿ ನಾನು ಅತಿ ಹೆಚ್ಚು ಕಂಡ ತೊಂದರೆ ಭೇದಿ. ಕಾರಣ ಊಟ. ದಕ್ಷಿಣ ಅಮೆರಿಕದ ಹುಲ್ಲುಗಾವಲಿನಲ್ಲಿ ಈ ಪ್ರಾಣಿ ದಿನಕ್ಕೆ ಸಾವಿರಾರು ಇರುವೆ, ಗೆದ್ದಲು ನೆಕ್ಕುತ್ತದೆ. ಅವುಗಳ ಗಟ್ಟಿ ಚಿಪ್ಪು, ಹುತ್ತದ ಮಣ್ಣು ಎಲ್ಲವೂ ಹೊಟ್ಟೆ ಸೇರುತ್ತವೆ. ಮೃಗಾಲಯದಲ್ಲಿ ಅಷ್ಟು ಗೆದ್ದಲನ್ನು ಎಲ್ಲಿಂದ ತರುವುದು? ಹಾಗಾಗಿ ಹಿಂದಿನಿಂದಲೂ ಹಾಲು, ಮೊಟ್ಟೆ, ಅರೆದ ಮಾಂಸ, ನಾಯಿಯ ಆಹಾರ ಎಲ್ಲ ಕಲಸಿ ಗಂಜಿ ಮಾಡಿ ಕೊಡುವ ರೂಢಿ ಬಂತು. ಹೊಟ್ಟೆಯೇನೋ ತುಂಬುತ್ತದೆ, ಆದರೆ ಅದರಲ್ಲಿ ನಾರಿಲ್ಲ. ಮಲ ನೀರಾಗುತ್ತದೆ. ಬಾಲದ ಉದ್ದ ಕೂದಲಿಗೆ ಅಂಟಿ ಚರ್ಮವೂ ಕೆಡುತ್ತದೆ.

ನಾವು ಹಾಲು ನಿಲ್ಲಿಸಿ ಕೀಟಾಹಾರಿಗಳಿಗೆಂದೇ ತಯಾರಾಗುವ ಒಣ ಆಹಾರಕ್ಕೆ ಬಂದೆವು. ಅದನ್ನು ನುಣ್ಣಗೆ ಪುಡಿ ಮಾಡಿ, ನೀರಲ್ಲಿ ನೆನೆಸಿ, ಗಂಟಿಲ್ಲದಂತೆ ಕಲಸಬೇಕು. ಜೊತೆಗೆ ನಾರಿಗೆಂದು ಸೆಲ್ಯುಲೋಸ್ ಪುಡಿ, ಸ್ವಲ್ಪ ಕಳಿತ ಬೆಣ್ಣೆಹಣ್ಣು. ಆದರೆ ಒಂದೇ ದಿನದಲ್ಲಿ ಬದಲಿಸಿದರೆ ಈ ಪ್ರಾಣಿ ಬೋಗುಣಿಯ ಹತ್ತಿರವೂ ಬರುವುದಿಲ್ಲ. ವಾಸನೆ ಬೇರೆಯಾದರೆ ಸಾಕು, ಮೂತಿ ತಿರುಗಿಸಿ ನಡೆದುಬಿಡುತ್ತದೆ. ಹಳೆಯದಕ್ಕೆ ಹೊಸದನ್ನು ಚಮಚ ಚಮಚವಾಗಿ ಸೇರಿಸುತ್ತಾ ವಾರಗಟ್ಟಲೆ ಎಳೆದೆವು. ಕೊನೆಗೊಂದು ದಿನ ಗಟ್ಟಿ ಮಲ ಕಂಡಾಗ ನಮಗಾದ ಸಂತೋಷವನ್ನು ಹೊರಗಿನವರಿಗೆ ವಿವರಿಸಲು ಹೋಗಬಾರದು.

ಊಟದ ಕೊರತೆಗಳೆಲ್ಲ ಹೀಗೆ ಕಣ್ಣಿಗೆ ಕಾಣುವುದಿಲ್ಲ. ಟಾರಿನ್ ಎಂಬ ಅಂಶ ಸಾಲದೆ ಹೃದಯದ ಸ್ನಾಯು ಸೊರಗಿ ಹಿಗ್ಗಿದ ಪ್ರಕರಣಗಳು ಈ ಪ್ರಾಣಿಗಳಲ್ಲಿ ದಾಖಲಾಗಿವೆ. ವಿಟಮಿನ್ ಕೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಮೂಗಿನಲ್ಲೋ ಮಲದಲ್ಲೋ ರಕ್ತ ಕಂಡರೆ ನಾವು ತಕ್ಷಣ ವೈದ್ಯರನ್ನು ಕರೆಯುತ್ತೇವೆ. ಹಾಗೆಂದು ವಿಟಮಿನ್ನುಗಳನ್ನು ಕೈಗೆ ಬಂದಷ್ಟು ಸುರಿಯುವಂತಿಲ್ಲ. ಇದರ ಹತ್ತಿರದ ಸಂಬಂಧಿ ತಮಾಂಡುವಾದಲ್ಲಿ ಎ ಮತ್ತು ಡಿ ಅತಿಯಾಗಿ ಬೆನ್ನುಮೂಳೆಯ ಸುತ್ತ ಬೇಡದ ಎಲುಬು ಬೆಳೆದದ್ದುಂಟು. ಪೂರಕಗಳ ಲೆಕ್ಕ ವೈದ್ಯರದ್ದು, ತೂಗಿ ಹಾಕುವುದಷ್ಟೇ ನಮ್ಮದು.

ನಾಲಿಗೆಯ ವಿಷಯ ಬೇರೆಯೇ. ಸುಮಾರು 60 ಸೆಂಟಿಮೀಟರ್ ಹೊರಚಾಚುವ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒಳಹೊರಗೆ ಆಡುವ ನಾಲಿಗೆ. ಅದಕ್ಕೊಂದು ಕೂದಲೋ ದಾರವೋ ಸುತ್ತಿಕೊಂಡರೆ ತುದಿ ಊದಿ ಒಳಕ್ಕೆ ಹೋಗುವುದೇ ಇಲ್ಲ. ಬೋಗುಣಿಯ ಅಂಚು ಚೂಪಾಗಿದೆಯೇ ಎಂದು ನಾನು ಬೆರಳಾಡಿಸಿ ನೋಡುತ್ತೇನೆ. ಊಟದ ಹೊತ್ತಿಗೆ ಪಕ್ಕದಲ್ಲಿ ನಿಂತು ನಾಲಿಗೆಯ ಆಟ ಗಮನಿಸುವುದನ್ನು ತಪ್ಪಿಸುವುದಿಲ್ಲ. ಆ ವೇಗ ಕುಗ್ಗಿದರೆ ಏನೋ ಆಗಿದೆ ಎಂದೇ ಅರ್ಥ.

ಉಗುರು ಇನ್ನೊಂದು ತಲೆನೋವು. ಮುಂಗಾಲನ್ನು ಮುಷ್ಟಿಯಂತೆ ಮಡಚಿ ನಡೆಯುವ ಪ್ರಾಣಿ ಇದು. ಹುತ್ತ ಒಡೆಯುವ ಕೆಲಸವಿಲ್ಲದೆ ಉಗುರು ಸವೆಯದಿದ್ದರೆ ಅದು ಬಾಗಿ ಅಂಗೈಗೇ ಚುಚ್ಚಿಕೊಳ್ಳುತ್ತದೆ, ಕೀವು ಕಟ್ಟುತ್ತದೆ. ಕುಂಟುವುದು ಕಾಣುವ ಹೊತ್ತಿಗೆ ಗಾಯ ಆಳವಾಗಿರುತ್ತದೆ. ಆವರಣದಲ್ಲಿ ಕೊಳೆತ ಮರದ ದಿಮ್ಮಿಗಳನ್ನು ಹಾಕಿ ಒಳಗೆ ಆಹಾರ ಬಚ್ಚಿಟ್ಟರೆ ಅದೇ ಬಗೆದು ಸವೆಸಿಕೊಳ್ಳುತ್ತದೆ. ಕತ್ತರಿಸಲೇಬೇಕಾದಾಗ ಜಾಲರಿಯ ಆಚೆಯಿಂದ ಪಂಜ ಚಾಚುವಂತೆ ಬೆಣ್ಣೆಹಣ್ಣಿನ ಆಸೆ ತೋರಿಸಿ ಕಲಿಸಿದ್ದೇವೆ. ಜಾಲರಿ ಬೇಕೇ ಬೇಕು. ಸಾಧು ಎಂದುಕೊಂಡು ಒಳಗೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂಗಾಲ ಮೇಲೆ ನಿಂತು ಬೀಸಿದ ಪಂಜಕ್ಕೆ ಬ್ರೆಜಿಲ್‌ನಲ್ಲಿ ಬೇಟೆಗಾರರು ಜೀವ ಕಳೆದುಕೊಂಡಿದ್ದಾರೆ.

ಜ್ವರ ನೋಡುವಾಗಲೂ ಎಚ್ಚರ ಬೇಕು. ಇದರ ಮೈಬಿಸಿ 33 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಮಗೆ ಸಹಜವೆನಿಸುವ 37 ಇದಕ್ಕೆ ಕಳವಳದ ಅಂಕಿ. ಚಳಿಯಲ್ಲಿ ಶ್ವಾಸಕೋಶದ ಸೋಂಕಿನ ಭಯವಿರುವುದರಿಂದ ಮಲಗುವ ಕೋಣೆಯನ್ನು ಬೆಚ್ಚಗಿಡುತ್ತೇವೆ, ದಪ್ಪನೆ ಹುಲ್ಲು ಹಾಸುತ್ತೇವೆ. ಜಂತುಹುಳುವಿಗೆ ಮಲದ ಪರೀಕ್ಷೆ ನಿಗದಿಯಂತೆ ನಡೆಯುತ್ತದೆ, ಅದರಲ್ಲಿ ವಿಶೇಷವೇನಿಲ್ಲ.

ತೂಕವನ್ನು ಮಾತ್ರ ನಾನು ಬಿಡುವುದಿಲ್ಲ. ಒರಟು ಕೂದಲಿನ ಹೊದಿಕೆಯಡಿ ಪಕ್ಕೆಲುಬು ಎದ್ದರೂ ತಿಳಿಯದು, ಕೊಬ್ಬು ಕಟ್ಟಿದರೂ ತಿಳಿಯದು. ಬಾಗಿಲ ಬಳಿ ನೆಲಕ್ಕೆ ಸಮನಾಗಿ ತಕ್ಕಡಿ ಕೂರಿಸಿ, ಊಟದ ಬೋಗುಣಿಯನ್ನು ಅದರಾಚೆ ಇಡುತ್ತೇವೆ. ಮರಿಯಿದ್ದಾಗ ಅದು ತಾಯಿಯ ಬೆನ್ನ ಮೇಲೆಯೇ ಇರುತ್ತದೆ. ಇಬ್ಬರನ್ನೂ ಸೇರಿಸಿ ತೂಗಿ, ಮರಿ ಕೆಳಗಿಳಿದಾಗ ತಾಯಿಯೊಂದನ್ನೇ ತೂಗಿ ಕಳೆಯುತ್ತೇವೆ. ಮರಿಯ ತೂಕ ಏರದೆ ನಿಂತರೆ ಬಾಟಲಿ ಹಾಲಿನ ಮಾತು ಬರುತ್ತದೆ. ಆಗ ಹೊಟ್ಟೆಯುಬ್ಬರ, ಮಲಬದ್ಧತೆಗಳ ಭಯವೂ ಜೊತೆಗೇ ಬರುವುದರಿಂದ, ತಾಯಿಗೆ ಹಾಲಿರುವವರೆಗೂ ಮರಿಯನ್ನು ಬೇರ್ಪಡಿಸದೆ ಮೇಲಿಂದ ಪೂರಕ ಹಾಲು ಕುಡಿಸಿ ನೋಡುವುದನ್ನೇ ನಾನು ಮೊದಲು ಕೇಳಿಕೊಳ್ಳುತ್ತೇನೆ.