ಹಾಡು ಇರುವ ಹೋಟೆಲಿನಲ್ಲಿ ಟೇಬಲ್ ಮ್ಯಾಜಿಕ್: ನನ್ನ ಅನುಭವ

"ಹಾಡು ಇರೋ ಕಡೆ ಟೇಬಲ್ ಮ್ಯಾಜಿಕ್ ನಡೆಯಲ್ಲ ಗುರೂ, ನಿನ್ನ ಮಾತೇ ಕೇಳಿಸಲ್ಲ." ಇದನ್ನು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅದರಲ್ಲಿ ಒಬ್ಬರು ಇಪ್ಪತ್ತು ವರ್ಷ ಸ್ಟೇಜ್ ಶೋ ಮಾಡಿದವರು. ಈಗ ಹದಿನಾಲ್ಕು ತಿಂಗಳಾಯ್ತು. ಶುಕ್ರವಾರ, ಶನಿವಾರ, ಭಾನುವಾರ ಮೈಸೂರಿನ ರಿಂಗ್ ರಸ್ತೆ ಕಡೆಯ ಒಂದು ಗಾರ್ಡನ್ ರೆಸ್ಟೋರೆಂಟ್‌ನಲ್ಲಿ ಹಾಡಿನ ಜೊತೆಗೇ, ಊಟಕ್ಕೆ ಕೂತವರ ಟೇಬಲ್‌ಗೇ ಹೋಗಿ ಜಾದೂ ಆಟ ಮಾಡುತ್ತಿದ್ದೇನೆ. ಹೋದ ತಿಂಗಳು ಮಾಲೀಕರು ನಾನು ಕೇಳದೆಯೇ ಸಂಭಾವನೆ ಜಾಸ್ತಿ ಮಾಡಿದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಜಾಗ ಹೀಗಿದೆ. ಮೂವತ್ತೈದರ ಆಸುಪಾಸು ಟೇಬಲ್, ಮುಕ್ಕಾಲು ಪಾಲು ಮರದ ಕೆಳಗೆ. ಒಂದು ಮೂಲೆಯಲ್ಲಿ ಚಿಕ್ಕ ವೇದಿಕೆ. ಕೀಬೋರ್ಡ್, ಗಿಟಾರ್, ರಿದಂ ಪ್ಯಾಡ್, ಇಬ್ಬರು ಗಾಯಕರು. ಏಳೂವರೆಯಿಂದ ಹತ್ತೂಕಾಲರವರೆಗೆ ಹಳೆಯ ಕನ್ನಡ, ಹಿಂದಿ ಹಾಡು. ಬ್ಯಾಂಡಿಗೆ ದಿನಕ್ಕೆ ಎಂಟೋ ಒಂಬತ್ತೋ ಸಾವಿರ ಹೋಗುತ್ತಿತ್ತು. ಮಾಲೀಕರು ಮೊದಲ ದಿನವೇ ಕೇಳಿದರು: "ಹಾಡಿಗೇ ಇಷ್ಟು ಕೊಡ್ತಿದೀನಿ, ಅದರ ಮೇಲೆ ನೀವ್ಯಾಕೆ ಸಾರ್?" ಉತ್ತರ ನನ್ನ ಹತ್ತಿರ ಇರಲಿಲ್ಲ. ದಿನಕ್ಕೆ 1,500 ರೂಪಾಯಿ, ರಾತ್ರಿ ಊಟ, ನಾಲ್ಕು ವಾರ ನೋಡಿ ಅಂದೆ.

ಆ ನಾಲ್ಕು ವಾರ ಪೂರ್ತಿ ಸೋತೆ. ಮದುವೆ ಮನೆಗಳಲ್ಲಿ ಮಾಡುತ್ತಿದ್ದ ಆಟಗಳನ್ನೇ ತಂದಿದ್ದೆ. ಎಲ್ಲವೂ ಮಾತಿನ ಮೇಲೆ ನಿಂತವು. ಕಿರುಚಿ ಕಿರುಚಿ ಒಂಬತ್ತು ಗಂಟೆಗೆ ಗಂಟಲು ಕಟ್ಟುತ್ತಿತ್ತು. ಜನ ಕೇಳಿಸದಿದ್ದರೂ ತಲೆ ಆಡಿಸುತ್ತಿದ್ದರು. ಇಸ್ಪೀಟ್ ಎಲೆಯನ್ನು ಕಟ್ಟಿನೊಳಗೆ ಇಡಿ ಅಂದರೆ ಒಬ್ಬ ಹಿರಿಯರು ಜೇಬಿಗೆ ಇಟ್ಟುಕೊಂಡರು.

ಎರಡನೇ ಶನಿವಾರ ಆದದ್ದು ಇನ್ನೂ ದೊಡ್ಡ ತಪ್ಪು. ಇಬ್ಬರು ಗಾಯಕರಲ್ಲಿ ಒಬ್ಬರು ಕಣ್ಣು ಮುಚ್ಚಿ ಪಿ.ಬಿ. ಶ್ರೀನಿವಾಸ್ ಅವರ ಒಂದು ನಿಧಾನದ ಹಾಡು ಹಾಡುತ್ತಿದ್ದರು. ನಾನು ಆರು ಜನರ ಟೇಬಲ್‌ನಲ್ಲಿ ಒಬ್ಬ ಹುಡುಗಿಯ ಮುಷ್ಟಿಯಿಂದ ಸ್ಪಂಜಿನ ಚೆಂಡುಗಳನ್ನು ತೆಗೆಸಿದೆ. ಆರೂ ಜನ ಒಟ್ಟಿಗೆ ಕೂಗಿಕೊಂಡರು. ಇಡೀ ತೋಟ ಈ ಕಡೆ ತಿರುಗಿತು. ಗಾಯಕರು ಕಣ್ಣು ಬಿಟ್ಟು ನನ್ನನ್ನು ನೋಡಿದರು, ಮತ್ತೆ ಹಾಡು ಮುಂದುವರಿಸಿದರು. ನನಗೆ ಏನೂ ಅನ್ನಲಿಲ್ಲ. ಇಪ್ಪತ್ತೈದು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದ ಮನುಷ್ಯ ಅವರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಸೌಂಡ್ ಚೆಕ್ ಹೊತ್ತಿಗೇ ಹೋಗಿ ಕ್ಷಮೆ ಕೇಳಿದೆ. ಅವರು ಕೂರಿಸಿಕೊಂಡು ಕಾಫಿ ತರಿಸಿದರು. "ನೀವು ಕೂಗಿಸಿ ಸಾರ್, ಬೇಡ ಅನ್ನಲ್ಲ. ನನ್ನ ಚರಣ ಮುಗಿಯಲಿ ಅಷ್ಟೇ" ಅಂದರು. ನನ್ನ ಪದ್ಧತಿ ಪೂರ್ತಿ ಹುಟ್ಟಿದ್ದು ಈ ಒಂದು ಮಾತಿನಿಂದ.

ನಮ್ಮ ಸಿನಿಮಾ ಹಾಡಿನ ಕಟ್ಟು ಎಲ್ಲರಿಗೂ ಗೊತ್ತು. ಪಲ್ಲವಿ, ಮ್ಯೂಸಿಕ್, ಚರಣ, ಮತ್ತೆ ಮ್ಯೂಸಿಕ್, ಎರಡನೇ ಚರಣ, ಕೊನೆಗೆ ಪಲ್ಲವಿ. ನಾಲ್ಕೈದು ನಿಮಿಷ. ಒಂದು ಟೇಬಲ್‌ಗೆ ನನಗೆ ಬೇಕಾದ ಸಮಯವೂ ಅಷ್ಟೇ. ಮೊದಲ ಪಲ್ಲವಿಯಲ್ಲಿ ಟೇಬಲ್‌ಗೆ ಹೋಗಿ ನಗುತ್ತೇನೆ, ಮಾತಿಲ್ಲ. ಮೊದಲ ಚರಣದಲ್ಲಿ ನಾಣ್ಯದ ಸಣ್ಣ ಆಟ. ಎರಡನೇ ಚರಣ ಶುರುವಾಯ್ತು ಅಂದರೆ ಕೊನೆಯ ಆಟಕ್ಕೆ ಕೈ ಹಾಕುತ್ತೇನೆ. ಹಾಡು ನಿಲ್ಲುವುದಕ್ಕೂ ಮುಷ್ಟಿ ಬಿಚ್ಚುವುದಕ್ಕೂ ಸರಿ ಹೋಗಬೇಕು. ಟೇಬಲ್ ಕೂಗುತ್ತದೆ, ಚಪ್ಪಾಳೆ ತಟ್ಟುತ್ತದೆ. ಅದು ಕೇಳಿ ಪಕ್ಕದ ಟೇಬಲ್‌ಗಳೂ ತಟ್ಟುತ್ತವೆ. ಆ ಚಪ್ಪಾಳೆ ಹಾಡಿಗೂ ಸೇರುತ್ತದೆ. ಮೂರನೇ ತಿಂಗಳಲ್ಲಿ ಗಾಯಕರೇ ಅವತ್ತಿನ ಹಾಡಿನ ಪಟ್ಟಿಯನ್ನು ನನ್ನ ಕೈಗೆ ಕೊಡಲು ಶುರು ಮಾಡಿದರು.

ಮಾತಿನ ಆಟ ಬಿಟ್ಟಿಲ್ಲ. ಬ್ಯಾಂಡಿಗೆ ಎರಡು ಸಲ ಹದಿನೈದು ನಿಮಿಷ ಬಿಡುವು. ಆಗ ವೇದಿಕೆ ಹತ್ತಿರದ ಟೇಬಲ್‌ಗಳಿಗೆ ಹೋಗಿ ಮನಸ್ಸು ಓದುವ ಆಟ ಮಾಡುತ್ತೇನೆ. ಹಾಡಿನ ಹೊತ್ತಿನಲ್ಲಿ ಮಾತಿಲ್ಲದ ಏಳು ಆಟ. ಅದರಲ್ಲಿ ಮೇಜುಬಟ್ಟೆಯ ಕೆಳಗೆ ಎಲೆ ಸಿಗುವುದು ಒಂದು. ಶಿಕಾಗೋದಲ್ಲಿ ತಮ್ಮ ಮನೆತನದ ರೆಸ್ಟೋರೆಂಟ್‌ನಲ್ಲೇ ಟೇಬಲ್ ಮ್ಯಾಜಿಕ್ ಮಾಡುತ್ತಿದ್ದ ಮ್ಯಾಟ್ ಶೂಲಿನ್ ಅವರಿಗೆ ಹೆಸರು ತಂದ ಆಟ ಅದು. ಒಂದೇ ಒಂದು ಪದ ಬೇಡ, ತಟ್ಟೆ ಎತ್ತಿ ತೋರಿಸಿದರೆ ಸಾಕು.

ಚಾಪ್ ಕಪ್, ಅಂದರೆ ಒಂದೇ ಬಟ್ಟಲು, ಚೆಂಡಿನ ಆಟ ಇಟ್ಟುಕೊಂಡ ಜಾದೂಗಾರರಿಗೆ ಒಂದು ಮಾತು. ಹಾಡು ಅದಕ್ಕೆ ಶತ್ರು ಅಲ್ಲ, ಗೆಳೆಯ. ಬಟ್ಟಲಿನೊಳಗಿನ ಯಾವ ಸದ್ದಿಗೆ ನಾವು ಹೆದರುತ್ತೇವೋ ಅದನ್ನು ರಿದಂ ಪ್ಯಾಡ್ ನುಂಗಿಬಿಡುತ್ತದೆ. ನಮ್ಮ ಬೀದಿಯ ಜಾದೂಗಾರ ಡಮರುಗ ಇಲ್ಲದೆ ಬಟ್ಟಲಿನ ಆಟ ಶುರು ಮಾಡಿದ್ದುಂಟಾ? ಪುಂಗಿ ಊದುತ್ತಾ, ಡಮರುಗ ಆಡಿಸುತ್ತಾ ಕೈಚಳಕ ತೋರಿಸುತ್ತಿದ್ದರು ಅವರು. ಹಾಡೂ ಮ್ಯಾಜಿಕ್ಕೂ ಕೂಡಲ್ಲ ಅನ್ನುವವರು ಇದನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಬೆಳಕಿನದು ಇನ್ನೊಂದು ಕಥೆ. ಒಂದು ರಾತ್ರಿ ಎಂಟು ವರ್ಷದ ಮಗು ಎಲೆ ಎಳೆಯಿತು. ಆಟೀನ್ ಏಳು. ಅದೇ ಹೊತ್ತಿಗೆ ವೇದಿಕೆಯ ಎಲ್‌ಇಡಿ ದೀಪ ಕೆಂಪಾಯ್ತು. ಮಗು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಕಲ್, ಇದರಲ್ಲಿ ಏನೂ ಇಲ್ಲ" ಅಂತು. ನಿಜವೇ. ಕೆಂಪು ಬೆಳಕಲ್ಲಿ ಬಿಳಿ ಎಲೆಯ ಮೇಲಿನ ಕೆಂಪು ಗುರುತು ಕಾಣುವುದೇ ಇಲ್ಲ. ಆಟೀನು, ಡೈಮಂಡ್ ಎರಡೂ ಮಾಯ. ಕೆಲವು ವಾರ ಅದನ್ನೇ ಒಂದು ಆಟ ಮಾಡಲು ಹೊರಟೆ. ಎಲೆ ಖಾಲಿ ಆಗುತ್ತೆ, ಊದಿದರೆ ಬರುತ್ತೆ. ಒಂದೆರಡು ಸಲ ಅದ್ಭುತವಾಗಿ ಬಂತು. ಆದರೆ ಪಕ್ಕದಿಂದ ಟ್ಯೂಬ್‌ಲೈಟ್ ಬಿದ್ದರೆ ಕೆಡುತ್ತದೆ, ನೀಲಿ ಬಂದರೆ ಆಟೀನು ಕಪ್ಪಾಗಿ ಕಾಣುತ್ತದೆ. ಬಿಟ್ಟೆ. ಈಗ ದೀಪ ಹಳದಿಯಲ್ಲೇ ಇರಲಿ ಎಂದು ಒಪ್ಪಿಸಿದ್ದೇನೆ. ಎಲೆ ಎಳೆಯುವವರ ಕೈಗೆ ಇಸ್ಪೇಟು ಇಲ್ಲವೇ ಕಳಾವರ್ ಹೋಗುವಂತೆಯೂ ನೋಡಿಕೊಳ್ಳುತ್ತೇನೆ. ಹೇಗೆ ಅಂತ ಜಾದೂಗಾರರಿಗೆ ಹೇಳಬೇಕಿಲ್ಲ ಅಲ್ವಾ?

ನನಗೆ ಹೆಸರು ತಂದದ್ದು ಹಾಡಿನ ಆಟ. ಅತಿಥಿ ಮನಸ್ಸಿನಲ್ಲಿ ಒಂದು ರಾಜಕುಮಾರ್ ಹಾಡು ನೆನೆಸಿಕೊಳ್ಳುತ್ತಾರೆ. ಯಾರಿಗೂ ಹೇಳುವುದಿಲ್ಲ. ನಾನು ಅವರ ಪಕ್ಕದಲ್ಲೇ ನಿಂತಿರುತ್ತೇನೆ, ವೇದಿಕೆ ಕಡೆ ಹೋಗುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಬ್ಯಾಂಡ್ ಅದೇ ಹಾಡು ಎತ್ತಿಕೊಳ್ಳುತ್ತದೆ. ಒಬ್ಬ ಅಜ್ಜಿ ಅತ್ತುಬಿಟ್ಟರು, ಅವರ ಯಜಮಾನರಿಗೆ ಇಷ್ಟದ ಹಾಡಂತೆ. ಇದನ್ನು ಕೂಡಿಸಲು ಕೀಬೋರ್ಡ್ ನುಡಿಸುವವರೂ ನಾನೂ ಎರಡು ತಿಂಗಳು ತಲೆ ಕೆಡಿಸಿಕೊಂಡೆವು. ವಿಧಾನ ನಮ್ಮಿಬ್ಬರದು, ಇಲ್ಲಿ ಬರೆಯುವುದಿಲ್ಲ. ರಾತ್ರಿಗೆ ಒಂದೇ ಸಲ ಮಾಡುತ್ತೇವೆ.

ಇನ್ನು ದುಡ್ಡು. ಮಾಲೀಕರು ಒಪ್ಪಿದ್ದು ಚಪ್ಪಾಳೆ ನೋಡಿ ಅಲ್ಲ, ಬಾಗಿಲ ಹತ್ತಿರ ಕಾಯುವವರನ್ನು ನೋಡಿ. ಶನಿವಾರ ಎಂಟೂವರೆಗೆ ಟೇಬಲ್ ಸಿಗಲು ಅರ್ಧ ಗಂಟೆ. ಹತ್ತು ಕುಟುಂಬದಲ್ಲಿ ಮೂರು ನಾಲ್ಕು ವಾಪಸ್ ಹೋಗುತ್ತಿದ್ದವು. ಹಾಡು ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ನಾನು ಅಲ್ಲಿ ಹತ್ತು ನಿಮಿಷ ನಿಂತ ಮೇಲೆ ಒಂದೋ ಎರಡೋ ಮಾತ್ರ ಹೋಗುತ್ತವೆ. ವೇಟರ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಇದನ್ನು ಡೈರಿಯಲ್ಲಿ ಬರೆದಿಟ್ಟಿದ್ದರು. ಒಂದು ಕುಟುಂಬ ಅಂದರೆ ಸುಮಾರು ಎರಡು ಸಾವಿರದ ಬಿಲ್ಲು. ಲೆಕ್ಕ ಅಲ್ಲೇ ಮುಗಿಯಿತು. 1,500 ಇದ್ದದ್ದು ಆರನೇ ತಿಂಗಳಿಗೆ 2,500 ಆಯ್ತು, ಈಗ 4,000.

ಖರ್ಚೂ ಇದೆ. ತೋಟದ ತೇವಕ್ಕೆ ಬೈಸಿಕಲ್ ಬ್ರ್ಯಾಂಡಿನ ಇಸ್ಪೀಟ್ ಎಲೆಗಳು ಎರಡೇ ರಾತ್ರಿಗೆ ಉಬ್ಬುತ್ತವೆ. ಮಳೆಗಾಲದಲ್ಲಿ ತಿಂಗಳಿಗೆ ಎಂಟು ಕಟ್ಟು, ಒಂದೊಂದಕ್ಕೆ ನಾನೂರರ ಮೇಲೆ. ಟಿಪ್ಸ್ ವಿಷಯದಲ್ಲಿ ಮೊದಲು ಎಡವಿದೆ. ನನ್ನ ಕೈಗೆ ಬಂದಷ್ಟು ವೇಟರ್‌ಗಳಿಗೆ ಕಡಿಮೆಯಾಗುತ್ತಿತ್ತು, ಅವರ ಮುಖ ಬಾಡುತ್ತಿತ್ತು. ಈಗ ನನಗೆ ಬಂದದ್ದೂ ಅವರ ಡಬ್ಬಿಗೇ ಹೋಗುತ್ತದೆ. ಅದಾದ ಮೇಲೆ ಯಾವ ಟೇಬಲ್‌ನಲ್ಲಿ ಹುಟ್ಟುಹಬ್ಬ, ಎಲ್ಲಿ ಊಟ ಬರಲು ತಡ ಅನ್ನುವುದನ್ನು ಅವರೇ ಬಂದು ಹೇಳುತ್ತಾರೆ.

ಸ್ಪೀಕರ್ ಎದುರಿನ ನಾಲ್ಕನೇ ಟೇಬಲ್‌ಗೆ ಹಾಡಿನ ಹೊತ್ತಿನಲ್ಲಿ ನಾನು ಈಗಲೂ ಹೋಗುವುದಿಲ್ಲ. ಅಲ್ಲಿ ಕೂರುವವರು ಹಾಡು ಕೇಳಲೆಂದೇ ಬಂದವರು.

ಈ ದಸರಾಕ್ಕೆ ಹತ್ತು ದಿನವೂ ಬನ್ನಿ ಅಂದಿದ್ದಾರೆ. ಆಗ ಹಾಡಿನ ಬದಲು ವಯಲಿನ್, ಕೊಳಲು, ತಬಲಾ. ಪಲ್ಲವಿ, ಚರಣದ ನನ್ನ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಹೊಸದಾಗಿ ಕೂಡಿಸಬೇಕು. ಬರುವ ಸೋಮವಾರ ಬಟ್ಟಲು ತಗೊಂಡು ತಬಲಾದವರ ಮನೆಗೆ ಹೋಗುತ್ತಿದ್ದೇನೆ.