ತಾರಸಿ ನೀರು ಅಡುಗೆಗೆ, ಬೋರ್ ನೀರು ಮಿಕ್ಕಿದ್ದಕ್ಕೆ

ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ನೀರು ಉಳಿಸಿ ಅಂತ ಹೇಳಿದರೆ ಜನಕ್ಕೆ ಕೋಪ ಬರುತ್ತದೆ. ನ್ಯಾಯವಾದ ಕೋಪವೇ. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಮನೆಯವರು ಇನ್ನೇನು ಉಳಿಸಬೇಕು? ನಾನು ಕೇಳಿಕೊಳ್ಳುವುದು ಬೇರೆ. ಮನೆಗೆ ಬರುವ ಎಲ್ಲ ನೀರನ್ನೂ ಒಂದೇ ಸಂಪಿಗೆ ಸುರಿಯಬೇಡಿ. ಕುಡಿಯುವ ನೀರನ್ನು ಬೇರೆ ಇಡಿ.

ಯಾಕೆ ಅಂದರೆ ನಮ್ಮ ಕಡೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಎಷ್ಟೋ ಊರಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬಂಡೆಯ ಬಿರುಕಲ್ಲಿ ಬಹಳ ಕಾಲ ನಿಂತ ನೀರಿಗೆ ಫ್ಲೋರೈಡ್ ಸೇರಿಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಕುಡಿಯಬಹುದು ಅನ್ನುತ್ತದೆ ಭಾರತೀಯ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಗಟ್ಟಲೆ ಕುಡಿದರೆ ದೊಡ್ಡವರ ಮೂಳೆ, ಕೀಲು ಬಿಗಿಯುತ್ತದೆ. ಕಾಯಿಸಿದರೆ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಫ್ಲೋರೈಡ್ ಪ್ರಮಾಣ ಜಾಸ್ತಿಯಾಗುತ್ತದೆ. ಮೊದಲು ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ, ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ಅಂತ ಕೇಳಿ.

ಮಳೆ ನೀರಲ್ಲಿ ಈ ತೊಂದರೆ ಇಲ್ಲ. ಮತ್ತೆ ಅದು ನಿಮ್ಮ ತಲೆಯ ಮೇಲೇ ಬೀಳುತ್ತದೆ, ಅಲ್ವಾ?

ಲೆಕ್ಕ ಸುಲಭ. ಒಂದು ಚದರ, ಅಂದರೆ ನೂರು ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ ಹೆಚ್ಚುಕಡಿಮೆ 700 ಮಿಲಿಮೀಟರ್ ಮಳೆ. ಐದು ಚದರದ ಸಣ್ಣ ಮನೆ ಅಂತಿಟ್ಟುಕೊಳ್ಳಿ, ಐದರಲ್ಲಿ ಒಂದು ಪಾಲು ಆವಿಯಾಗಿ, ಸೋರಿ ಹೋಯಿತು ಅಂದರೂ 26,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. ನವೆಂಬರ್‌ನಿಂದ ಮೇವರೆಗಿನ ಏಳು ತಿಂಗಳಿಗೆ 5,300 ಲೀಟರ್ ಹತ್ತಿರ ಆಗುತ್ತದೆ. ಆರಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪು ಸುಮಾರು 6,000 ಲೀಟರ್ ಹಿಡಿಯುತ್ತದೆ. ಅಷ್ಟೇ ಬೇಕಾಗಿರುವುದು. ಅಗೆಯಲು ಜಾಗ ಇಲ್ಲದವರು ನೆಲದ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇಡಬಹುದು.

ಮೋಲ್ಡಿಂಗ್ ಮನೆ, ಹೆಂಚಿನ ಮನೆ ಎರಡೂ ಆಗುತ್ತದೆ. ಆಸ್ಬೆಸ್ಟಾಸ್ ಶೀಟಿನ ನೀರನ್ನು ಮಾತ್ರ ಕುಡಿಯಲು ಹಿಡಿಯಬೇಡಿ. ತಾರಸಿಯಿಂದ ಇಳಿಯುವ ಪೈಪಿಗೆ ಮೂರು ಬಾಯಿಯ ಒಂದು ಟಿ ಜಾಯಿಂಟ್ ಹಾಕಿ, ಕೆಳಗಿನ ಬಾಯಿಗೆ ತಿರುಗಿಸಿ ತೆಗೆಯುವ ಮುಚ್ಚಳ ಕೂರಿಸಿ. ಮಳೆ ಶುರುವಾದಾಗ ಆ ಮುಚ್ಚಳ ತೆಗೆದಿರಬೇಕು, ಧೂಳು, ಹಕ್ಕಿ ಹಿಕ್ಕೆ, ಎಲೆ ಎಲ್ಲ ತೊಳೆದುಕೊಂಡು ಹೊರಗೆ ಹೋಗಲಿ, ನೀರು ತಿಳಿಯಾಗಿ ಬರುತ್ತಿದೆ ಅನ್ನಿಸಿದ ಮೇಲೆ ಮುಚ್ಚಿ. ಈ ಕೆಲಸಕ್ಕೆ ಸೋಮಾರಿತನ ಮಾಡಿದರೆ ಉಳಿದದ್ದೆಲ್ಲ ದಂಡ. ಅಲ್ಲಿಂದ ನೀರು 200 ಲೀಟರ್ ಡ್ರಮ್ಮಿಗೆ ಬರಲಿ: ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಎಲ್ಲಕ್ಕಿಂತ ಮೇಲೆ ತೊಳೆದ ಮರಳು. ಪದರಗಳ ನಡುವೆ ನೈಲಾನ್ ಜಾಲರಿ ಹಾಸಿ. ಡ್ರಮ್ಮಿನ ತಳದಿಂದ ಸಂಪಿಗೆ ಪೈಪ್. ಸಂಪಿಗೆ ಬಿಸಿಲು ಬೀಳಬಾರದು, ಸೊಳ್ಳೆ ನುಗ್ಗಬಾರದು, ಬೋರ್ ನೀರಿನ ಪೈಪ್ ಅಲ್ಲಿಗೆ ಬರಲೇಬಾರದು. ರೋಗಾಣುಗಳ ಭಯ ಮಳೆ ನೀರಿಗೂ ಇದ್ದೇ ಇದೆ, ಆದ್ದರಿಂದ ಕುಡಿಯುವಷ್ಟನ್ನು ಕುದಿಸಿ ಆರಿಸಿ.

ಬಟ್ಟೆ, ಸ್ನಾನ, ಶೌಚಕ್ಕೆ ಬೋರ್ ನೀರು ಧಾರಾಳವಾಗಿ ನಡೆಯುತ್ತದೆ. ಮನೆಯಲ್ಲಿ ಆರ್‌ಓ ಫಿಲ್ಟರ್ ಇದ್ದರೆ ಅದು ಹೊರಗೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಅದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತದೆ, ದನಕ್ಕೂ ಕುಡಿಸಬೇಡಿ. ಕೋಲಾರದ ಕೆರೆಗಳಿಗೆ 2018ರಿಂದ ಬರುತ್ತಿರುವ ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ್ದು. ಅದು ಅಂತರ್ಜಲ ಹೆಚ್ಚಿಸಲು ಬಿಟ್ಟ ನೀರು, ಕೆರೆಯಿಂದ ನೇರವಾಗಿ ಕುಡಿಯುವಂಥದ್ದಲ್ಲ.

ಇನ್ನು ಬೀದಿಯ ಮಾತು. ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಮೇಲಿನ ಮನೆಯವರು ಪೈಪಿಗೇ ಮೋಟಾರ್ ಹಾಕಿ ಎಳೆದರೆ ಕೊನೆಯ ಮನೆಗೆ ಗಾಳಿ ಮಾತ್ರ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ತಾನೇ ಓಡಿ ಓವರ್‌ಹೆಡ್ ಟ್ಯಾಂಕ್ ತುಂಬಿ ಸುಮ್ನೆ ಹರಿಯುತ್ತಿದ್ದರೆ, ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲುವ ಸ್ವಿಚ್ ಹಾಕಿಸಿ ಅಂತ ಗ್ರಾಮಸಭೆಯಲ್ಲಿ ಕೇಳಿ, ಬರೆಸಿ. ವಾಟರ್‌ಮನ್ ಜೊತೆ ಜಗಳ ಬೇಡ, ಅವರ ಕೈಲಿರುವುದು ವಾಲ್ವ್ ಮಾತ್ರ.

ಸಂಪಿನ ಕೆಲಸ ಬೇಸಿಗೆಯಲ್ಲೇ ಮುಗಿಸಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಸಿಮೆಂಟ್ ಚೆನ್ನಾಗಿ ಕ್ಯೂರಿಂಗ್ ಆಗಿರಬೇಕು, ತಾರಸಿ ಗುಡಿಸಿರಬೇಕು, ಡ್ರಮ್ಮಿನ ಮರಳನ್ನು ಒಮ್ಮೆ ತೆಗೆದು ತೊಳೆದು ಒಣಗಿಸಿ ಮತ್ತೆ ತುಂಬಿರಬೇಕು.