ಬಾಡಿಗೆಗೆ ಮನೆ ಕಟ್ಟುತ್ತೀರಾ? ಬೆಡ್‌ರೂಮ್ ಎಷ್ಟು ಬೇಕು ಅಂತ ಹೀಗೆ ನೋಡಿ

ಬಾಡಿಗೆಗೆ ಕೊಡಲಿಕ್ಕೆ ಅಂತಲೇ ಮನೆ ಕಟ್ಟುವವರೂ ಇಂಜಿನಿಯರ್ ಹತ್ತಿರ ಹೋಗಿ ಮೊದಲು ಹೇಳುವುದು "ತ್ರೀ ಬಿಎಚ್‌ಕೆ ಮಾಡಿ" ಅಂತ. ಯಾಕೆ ಮೂರು? ನಾಳೆ ನಮಗೇ ಬೇಕಾದರೆ ಆಗುತ್ತದೆ, ಮಾರುವಾಗ ಒಳ್ಳೆ ರೇಟು ಬರುತ್ತದೆ, ತಮ್ಮನ ಮನೆಯಲ್ಲೂ ಮೂರಿದೆ. ಗಲ್ಫ್‌ನಲ್ಲೋ ಮುಂಬಯಿಯಲ್ಲೋ ವರ್ಷಗಟ್ಟಲೆ ದುಡಿದು ಉಳಿಸಿದ ಹಣ ಅದು. ಅದನ್ನು ಹೀಗೆ ಅಂದಾಜಿನ ಮೇಲೆ ಹಾಕಬೇಡಿ. ನಿಮ್ಮ ಮನೆಗೆ ಏನು ಬೇಕು ಅನ್ನುವುದನ್ನು ಬದಿಗಿಡಿ. ಆ ರಸ್ತೆಗೆ ಬಾಡಿಗೆ ಹುಡುಕಿಕೊಂಡು ಬರುವವರು ಯಾರು, ಒಂದು ಮನೆಯಲ್ಲಿ ಎಷ್ಟು ಜನ ಇರುತ್ತಾರೆ, ಅಷ್ಟನ್ನು ಮೊದಲು ತಿಳಿದುಕೊಳ್ಳಿ.

ಇದಕ್ಕೆ ದೊಡ್ಡ ಸರ್ವೆ ಏನೂ ಬೇಡ. ಸಂಜೆ ಹೊತ್ತು ನಿಮ್ಮ ಜಾಗದ ಸುತ್ತ ಒಂದು ಕಿಲೋಮೀಟರ್ ನಡೆಯಿರಿ. ಗೇಟಿನ ಒಳಗೆ ಬೈಕ್ ಸಾಲಾಗಿ ನಿಂತಿವೆಯಾ, ಮಕ್ಕಳ ಸೈಕಲ್ ಇದೆಯಾ ನೋಡಿ. ಹತ್ತಿರದ ದಿನಸಿ ಅಂಗಡಿಯವರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಬ್ರೋಕರ್ ಹತ್ತಿರ ಬಾಡಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ, ಯಾವ ಮನೆ ಎಷ್ಟು ದಿನ ಖಾಲಿ ಉಳಿಯುತ್ತದೆ ಅಂತ ಕೇಳಿ. ಅದು ಮುಖ್ಯ. ಟು-ಲೆಟ್ ಬೋರ್ಡ್ ಬಿಸಿಲಿಗೆ ಬಣ್ಣ ಮಾಸುವಷ್ಟು ದಿನ ನೇತಾಡುತ್ತಿದ್ದರೆ ಅದು ಎಷ್ಟು ಬೆಡ್‌ರೂಮಿನ ಮನೆ ಅಂತ ಬರೆದಿಟ್ಟುಕೊಳ್ಳಿ.

ನಮ್ಮ ಮಂಗಳೂರು-ಉಡುಪಿ ಕಡೆ ಇದು ಊರಿಂದ ಊರಿಗೆ ಬೇರೆ. ದೇರಳಕಟ್ಟೆಯಲ್ಲಿ ಮೆಡಿಕಲ್, ಡೆಂಟಲ್, ನರ್ಸಿಂಗ್ ವಿದ್ಯಾರ್ಥಿಗಳು ಜಾಸ್ತಿ, ಅದರಲ್ಲಿ ಕೇರಳದವರು ಬಹಳ. ಅಲ್ಲಿ ಮೂರು ಬೆಡ್‌ರೂಮ್ ಮನೆಗೆ ಅರ್ಥ ಇದೆ, ಯಾಕೆಂದರೆ ರೂಮಿಗೆ ಇಬ್ಬರಂತೆ ಆರು ಜನ ಬಾಡಿಗೆ ಹಂಚಿಕೊಳ್ಳುತ್ತಾರೆ. ಆದರೆ ಪರೀಕ್ಷೆ ಮುಗಿದು ಒಂದು ತಂಡ ಹೊರಟರೆ ಆರೂ ಜನ ಒಟ್ಟಿಗೆ ಹೋಗುತ್ತಾರೆ, ಅದನ್ನೂ ನೆನಪಿಡಿ. ಮಣಿಪಾಲದಲ್ಲಿ ಹಾಸ್ಟೆಲ್ ಬಿಟ್ಟು ಹೊರಗೆ ಬರುವವರು ಬೇರೆ, ಪಿಜಿ ಮಾಡುವ ಡಾಕ್ಟರ್‌ಗಳು ಬೇರೆ. ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಮಲಗುವವರಿಗೆ ಇನ್ನೊಬ್ಬರ ಜೊತೆ ರೂಮ್ ಹಂಚಿಕೊಳ್ಳುವುದು ಕಷ್ಟ, ನಡೆದು ಹೋಗುವಷ್ಟು ಹತ್ತಿರ ಸಣ್ಣ ಒನ್ ಬಿಎಚ್‌ಕೆ ಇದ್ದರೆ ಅವರಿಗೆ ಅದೇ ಸಾಕು. ಸುರತ್ಕಲ್, ಕುಳಾಯಿ, ಪಣಂಬೂರು ಕಡೆ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ, ಬಂದರು, ಗುತ್ತಿಗೆ ಕೆಲಸ ಅಂತ ಒಂಟಿಯಾಗಿ ಬರುವವರು ಇದ್ದಾರೆ, ಸಂಸಾರಸ್ಥರೂ ಇದ್ದಾರೆ. ಕದ್ರಿ, ಬಿಜೈ, ಉಡುಪಿಯ ಬ್ರಹ್ಮಗಿರಿ, ಕಡಿಯಾಳಿಯಂಥ ಕಡೆ ಟು ಬಿಎಚ್‌ಕೆ ಕೇಳುವ ಸಣ್ಣ ಸಂಸಾರಗಳನ್ನು ಲೆಕ್ಕಕ್ಕೆ ಹಿಡಿಯಿರಿ.

ಹತ್ತು ವರ್ಷ ಹಿಂದಿನ ಲೆಕ್ಕವನ್ನು ಈಗ ಹಿಡಿಯಬೇಡಿ. ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ, ಮಂಗಳೂರಿನಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮುಖ್ಯ ಕಚೇರಿ ಇದ್ದ ಕಾಲದಲ್ಲಿ ಅಲ್ಲಿಗೆ ವರ್ಗವಾಗಿ ಬರುವ ಅಧಿಕಾರಿಗಳನ್ನು ನಂಬಿ ಮನೆ ಕಟ್ಟಬಹುದಿತ್ತು. 2020ರ ಏಪ್ರಿಲ್‌ನಲ್ಲಿ ಒಂದು ಕೆನರಾ ಬ್ಯಾಂಕಿಗೆ, ಇನ್ನೊಂದು ಯೂನಿಯನ್ ಬ್ಯಾಂಕಿಗೆ ಸೇರಿತು. ಅಪ್ಪನ ಕಾಲದ ಬಾಡಿಗೆದಾರರು ಈಗಲೂ ಬರುತ್ತಾರಾ ಅಂತ ವಿಚಾರಿಸಿಯೇ ಮುಂದುವರಿಯಿರಿ.

ಈಗ ಲೆಕ್ಕ. ಎರಡು ಬೆಡ್‌ರೂಮಿನ ಪ್ಲಾನಿಗೆ ಮೂರನೆಯದು ಸೇರಿಸಿದರೆ ಅಟ್ಯಾಚ್ಡ್ ಬಾತ್‌ರೂಮ್, ಗೋಡೆ ಎಲ್ಲಾ ಸೇರಿ 150 ಚದರ ಅಡಿ ಹಿಡಿಯಿರಿ. ಚದರ ಅಡಿಗೆ 2,000 ರೂಪಾಯಿ ಅಂತ ಸುಮ್ನೆ ಇಟ್ಟುಕೊಂಡರೂ ಮೂರು ಲಕ್ಷ. ಶೇಕಡಾ 9 ಬಡ್ಡಿಯ ಸಾಲದಲ್ಲಿ ವರ್ಷಕ್ಕೆ 27,000, ತಿಂಗಳಿಗೆ 2,250 ರೂಪಾಯಿ ಬರೀ ಬಡ್ಡಿ. ನಿಮ್ಮ ಏರಿಯಾದಲ್ಲಿ ಟು ಬಿಎಚ್‌ಕೆಗೂ ತ್ರೀ ಬಿಎಚ್‌ಕೆಗೂ ಬಾಡಿಗೆಯಲ್ಲಿ ಅದಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಆ ರೂಮ್ ತನ್ನ ಬಡ್ಡಿಯನ್ನೂ ದುಡಿಯುವುದಿಲ್ಲ, ಅಸಲಿನ ಮಾತು ಬಿಡಿ. ದೊಡ್ಡ ಮನೆ ಒಂದು ತಿಂಗಳು ಜಾಸ್ತಿ ಖಾಲಿ ಬಿದ್ದರೆ ಆ ರೂಮಿನ ಇಡೀ ವರ್ಷದ ಲಾಭ ಅಲ್ಲಿಗೇ ಹೋಗುತ್ತದೆ. ನಿಮ್ಮ ಕಂಟ್ರಾಕ್ಟರ್ ಹೇಳುವ ರೇಟು, ನಿಮ್ಮ ಬ್ಯಾಂಕಿನ ಬಡ್ಡಿ ಹಾಕಿ ಇದೇ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ.

ರೂಮಿನ ಸಂಖ್ಯೆ ಹೆಚ್ಚಿಸಲಿಕ್ಕೆ ಅಳತೆ ಕುಗ್ಗಿಸುವುದು ಇನ್ನೊಂದು ತಪ್ಪು. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ವಾಸದ ಒಂದು ಕೋಣೆ ಕನಿಷ್ಠ 9.5 ಚದರ ಮೀಟರ್, ಎರಡು ಕೋಣೆ ಇದ್ದರೆ ಎರಡನೆಯದು 7.5. ಅಂದರೆ ಸುಮಾರು 102 ಮತ್ತು 81 ಚದರ ಅಡಿ. ಇದು ಕನಿಷ್ಠ ಅಷ್ಟೇ. ಟೇಪ್ ಹಿಡಿದು ಅಳೆದು ನೋಡಿ: ಎಂಟು ಅಡಿ ಅಗಲದ ರೂಮಿನಲ್ಲಿ ಐದು ಅಡಿಯ ಮಂಚ, ಎದುರು ಗೋಡೆಗೆ ಎರಡು ಅಡಿಯ ಕಪಾಟು ಇಟ್ಟರೆ ನಡೆಯಲಿಕ್ಕೆ ಉಳಿಯುವುದು ಒಂದೇ ಅಡಿ. ಕಪಾಟಿನ ಬಾಗಿಲು ತೆಗೆಯುವುದು ಹೇಗೆ? ಮನೆ ನೋಡಲು ಬಂದವರು ಆ ರೂಮಿನ ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತಾರೆ. ಹತ್ತು-ಹನ್ನೆರಡರ ಎರಡು ರೂಮ್, ಇಕ್ಕಟ್ಟಿನ ಮೂರು ರೂಮಿಗಿಂತ ಬೇಗ ಹೋಗುತ್ತವೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನನ್ನ ಕೇಳಿದರೆ ಬೆಡ್‌ರೂಮಿಗಿಂತ ಮೊದಲು ಬಾತ್‌ರೂಮ್ ಎಣಿಸಿ. ಎರಡು ಬೆಡ್‌ರೂಮಿಗೆ ಎರಡು ಬಾತ್‌ರೂಮ್ ಇದ್ದರೆ ವಿದ್ಯಾರ್ಥಿಗಳಿಗೂ ಆಗುತ್ತದೆ, ಅತ್ತೆ ಮಾವ ಇರುವ ಸಂಸಾರಕ್ಕೂ ಆಗುತ್ತದೆ. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಕಟ್ಟಿಸಿ, ಮಹಡಿಯವು ಅದರ ಮೇಲೆಯೇ ಬರಲಿ. ಪೈಪ್ ಉಳಿಯುತ್ತದೆ, ಸೋರಿಕೆ ಆದರೆ ಹುಡುಕುವುದೂ ಸುಲಭ.

ಮತ್ತೆ ನಮ್ಮ ಮಳೆ ಉಂಟಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಎಲ್ಲಿ ಒಣಗಿಸುವುದು? ಇದನ್ನು ಪ್ಲಾನಿನಲ್ಲಿ ಯಾರೂ ಯೋಚಿಸುವುದಿಲ್ಲ ಮಾರಾಯ್ರೇ, ಆಮೇಲೆ ಬಾಡಿಗೆಯವರು ಹಾಲಿನಲ್ಲೇ ಹಗ್ಗ ಕಟ್ಟುತ್ತಾರೆ, ಗೋಡೆಗೆ ಬೂಸ್ಟು ಹಿಡಿಯುತ್ತದೆ, ಮನೆ ಬಿಡುವಾಗ ಪೇಂಟಿಂಗ್ ದುಡ್ಡಿಗೆ ಜಗಳ. ಮೂರನೇ ರೂಮಿನ ಜಾಗದಲ್ಲಿ ಮಾಡು ಇರುವ, ಗಾಳಿ ಆಡುವ ಒಂದು ಯುಟಿಲಿಟಿ ಕೊಟ್ಟು ನೋಡಿ. ಮನೆಯ ನಡುವೆ ಒಂದೇ ಕಿಟಕಿ ಇರುವ ಬೆಡ್‌ರೂಮಂತೂ ಬೇಡವೇ ಬೇಡ.

ಬೆಡ್‌ರೂಮ್ ಹೆಚ್ಚಿದರೆ ತಲೆ ಹೆಚ್ಚುತ್ತದೆ, ನೀರೂ ಹೆಚ್ಚು ಬೇಕಾಗುತ್ತದೆ. ನಗರದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯುತ್ತಾರೆ, ಆರು ಜನರಿಗೆ 810 ಲೀಟರ್. ಮಂಗಳೂರಿಗೆ ತುಂಬೆ ಡ್ಯಾಮ್, ಉಡುಪಿಗೆ ಬಜೆ. ಏಪ್ರಿಲ್-ಮೇ ತಿಂಗಳಲ್ಲಿ ಎರಡರಲ್ಲೂ ನೀರು ಇಳಿದು ದಿನ ಬಿಟ್ಟು ದಿನ ಬಿಡುವ ಪರಿಸ್ಥಿತಿ ಬಂದದ್ದುಂಟು. ಹಾಗಾಗಿ ಬೇಸಿಗೆಯ ಕೊನೆಯಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಅಂತ ನೋಡಿದ ಮೇಲೆಯೇ ರೂಮಿನ ಸಂಖ್ಯೆ ಬರೆಯಿರಿ. ಸೆಪ್ಟಿಕ್ ಟ್ಯಾಂಕೂ ತಲೆಯ ಲೆಕ್ಕದಲ್ಲೇ. ಪಾರ್ಕಿಂಗ್ ಕೂಡ: ಐದು ಸೆಂಟ್ಸ್ ಅಂದರೆ 2,178 ಚದರ ಅಡಿ, ಸುತ್ತ ಬಿಡಬೇಕಾದ ಜಾಗ ಬಿಟ್ಟು ಆರು ಬೈಕ್ ನಿಲ್ಲಿಸಿದರೆ ಏನು ಉಳಿಯುತ್ತದೆ ಅಂತ ಬಿಡಿಸಿ ನೋಡಿ.

ಒಂದು ದೊಡ್ಡ ಮನೆಯಾ, ಎರಡು ಸಣ್ಣ ಮನೆಯಾ? ಸಾವಿರ ಚದರ ಅಡಿಯಲ್ಲಿ ಒಂದು ತ್ರೀ ಬಿಎಚ್‌ಕೆ ಇಕ್ಕಟ್ಟಾಗಿ ಬರುತ್ತದೆ, ಎರಡು ಒನ್ ಬಿಎಚ್‌ಕೆ ಹದವಾಗಿ ಬರುತ್ತವೆ. ಎರಡಾದರೆ ಅಡುಗೆಮನೆ ಎರಡು, ಖರ್ಚು ಜಾಸ್ತಿ, ಜನ ಬದಲಾಗುವುದೂ ಜಾಸ್ತಿ. ಆದರೆ ಒಂದು ಖಾಲಿಯಾದರೆ ಇನ್ನೊಂದರ ಬಾಡಿಗೆಯಲ್ಲಿ ಸಾಲದ ಕಂತಿಗೆ ಸ್ವಲ್ಪವಾದರೂ ಆಸರೆ ಇರುತ್ತದೆ. ಎರಡು ಮನೆ ಮಾಡುವುದಾದರೆ ಪರವಾನಿಗೆಯ ನಕ್ಷೆಯಲ್ಲೇ ಎರಡು ಅಂತ ತೋರಿಸಿ, ಬೇರೆ ಬೇರೆ ಡೋರ್ ನಂಬರ್, ಬೇರೆ ಬೇರೆ ಮೆಸ್ಕಾಂ ಕರೆಂಟ್ ಮೀಟರ್ ತೆಗೆದುಕೊಳ್ಳಿ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಲೆಕ್ಕ ಮೀಟರಿನ ಮೇಲೆ, ಬಾಡಿಗೆಯವರಿಗೂ ಅದು ಸಿಗುತ್ತದೆ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದೇ ಮೀಟರ್ ಹಂಚಿಕೊಂಡ ಎರಡು ಮನೆಯಲ್ಲಿ ಇದೇ ದೊಡ್ಡ ತಕರಾರು.

ಐದು ಸೆಂಟ್ಸ್ ಜಾಗ, ಕಾಲೇಜಿನಿಂದ ದೂರ, ಯಾರು ಬರುತ್ತಾರೆ ಅಂತ ಖಚಿತ ಇಲ್ಲ ಅಂತಾದರೆ ಕೆಳಗೆ ಎರಡು ಬಾತ್‌ರೂಮಿನ ಒಂದು ಟು ಬಿಎಚ್‌ಕೆ ಮಾಡಿ. ಮೆಟ್ಟಿಲು ಹೊರಗಿನಿಂದ ಇರಲಿ. ಮೇಲಿನದನ್ನು ಈಗಲೇ ಕಟ್ಟಬೇಕಾಗಿಲ್ಲ, ಪಂಚಾಂಗ (ಅಡಿಪಾಯ) ಮಾತ್ರ ಎರಡು ಮಹಡಿಯ ಭಾರಕ್ಕೆ ಹಾಕಿಸಿ, ಪೈಪಿನ ದಾರಿ ಬಿಡಿಸಿ. ಕೆಳಗಿನ ಮನೆಗೆ ಎರಡು ಮಳೆಗಾಲ ಎಂಥವರು ಕೇಳಿಕೊಂಡು ಬಂದರು ಅಂತ ನೋಡಿ, ಮೇಲೆ ಒಂದು ಬೇಕೋ ಎರಡು ಬೇಕೋ ಆಗ ತೀರ್ಮಾನಿಸಿ.